ಸೂರ್ಯನ ಕುದುರೆಯ ವಾಸನೆ

"ಇನ್ನೂ ಸ್ವಲ್ಪ ಹತ್ತಿರ ಹಿಡಿ," ಎಂದರು ಮಾವ. "ಅವಸರ ಬೇಡ. ಮೊದ್ಲು ಉಸಿರು ಬಿಡು, ಆಮೇಲೆ ಎಳ್ಕೊ."

ಸೊಸೆ ಭರಣಿಯ ಬಾಯಿಗೆ ಕಟ್ಟಿದ್ದ ತೆಳು ಬಟ್ಟೆಯನ್ನು ಬಿಚ್ಚಿ, ಗಾಜಿನ ಅಂಚಿಗೆ ಮೂಗು ತಾಗುವಷ್ಟು ಬಗ್ಗಿದಳು. ಒಳಗೆ ಒಣಕಡ್ಡಿಯೊಂದಕ್ಕೆ ತಲೆಕೆಳಗಾಗಿ ಜೋತುಬಿದ್ದಿದ್ದ ಹಸಿರು ಹುಳ, ಮುಳ್ಳುಮುಳ್ಳಾದ ಮುಂಗಾಲುಗಳನ್ನು ಕೈಮುಗಿದ ಹಾಗೆ ಎದೆಗೆ ಮಡಿಚಿಕೊಂಡು, ಮುಮ್ಮೂಲೆಯ ತಲೆಯನ್ನು ನಿಧಾನವಾಗಿ ಅವಳ ಕಡೆ ತಿರುಗಿಸಿತು. ಅದರ ಹೊಟ್ಟೆಯ ತುದಿಯಲ್ಲಿ ಸಾಸಿವೆಕಾಳಿನಷ್ಟು ಜಾಗ ಕಪ್ಪಗಾಗಿತ್ತು. ಬಾಯಿಯ ನೇರಕ್ಕೆ ಗಾಜಿನ ಮೇಲೆ ಕಂದು ಬಣ್ಣದ ಒಂದು ಕಲೆ ಒಣಗಿತ್ತು. ಅವಳು ಉಸಿರೆಳೆದುಕೊಂಡಳು. ಮೂಗಿನೊಳಗೆ ತಣ್ಣಗೆ ಗಾಳಿ ಹೋದದ್ದು ಗೊತ್ತಾಯಿತು. ಅಷ್ಟೇ.

"ಏನಾದ್ರೂ ಬರ್ತಿದ್ಯಾ?"

"ಏನೂ ಇಲ್ಲ ಮಾವ. ಮಣ್ಣಿನ ವಾಸನೆ ಅಷ್ಟೇ."

ಮಾವ ಚಿಮಟದಲ್ಲಿ ಹಿಡಿದಿದ್ದ ಸಣ್ಣ ಮಿಡತೆಯನ್ನು ಹುಳದ ಮುಂದೆ ಆಡಿಸಿದರು. ಹುಳ ನೋಡಿತು, ಮುಖ ತಿರುಗಿಸಿತು. ಮೂರು ದಿನದಿಂದ ಹೀಗೇ.

"ನೀನು ಇಲ್ಲ ಅಂದ್ಮೇಲೆ ಇಲ್ಲ ಬಿಡು," ಎಂದು ಅವರು ಬಟ್ಟೆಯನ್ನು ಮತ್ತೆ ಕಟ್ಟಿದರು. "ಪೊರೆ ಬಿಡೋ ಹೊತ್ತಿರ್ಬೇಕು. ಆಗ ಊಟ ಬಿಡ್ತವೆ. ನಾನೇ ಸುಮ್ನೆ ಗಾಬರಿ ಬಿದ್ದೆ."

ಅವಳು ಉಳಿದ ಎರಡು ಭರಣಿಗಳನ್ನೂ ಮೂಸಿದ ಹಾಗೆ ಮಾಡಿ, ಕೆಲಸಕ್ಕೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿಕೊಂಡಳು.

ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ದಿನವಿಡೀ ಪೆಟ್ರೋಲಿನ ಬಟ್ಟಲಿಗೆ ಬಗ್ಗಿ ಹಲ್ಲುಚಕ್ರಗಳನ್ನು ತೊಳೆದು ತೊಳೆದು ಐವತ್ತು ತುಂಬುವುದರೊಳಗೆ ಅವರ ಮೂಗು ಸತ್ತುಹೋಗಿತ್ತು. ಅಂಗಡಿ ಮುಚ್ಚಿದ ವರ್ಷ, ಹಿತ್ತಿಲ ಬೇಲಿಯಲ್ಲಿ ಸಿಕ್ಕ ಇಂಥದೇ ಒಂದು ಹುಳವನ್ನು, ಸೂರ್ಯನ ಕುದುರೆಯನ್ನು, ತಂದು ಗಾಜಿನ ಭರಣಿಯಲ್ಲಿಟ್ಟರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದು ಬೇಟೆಯಾಡುವುದನ್ನು, ತಿಂದ ಮೇಲೆ ಮುಂಗಾಲನ್ನು ಬಾಯಲ್ಲಿ ಎಳೆದು ಎಳೆದು ಶುಚಿ ಮಾಡಿಕೊಳ್ಳುವುದನ್ನು ನೋಡುತ್ತ ಕೂತರೆ ಅವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಮೂರು ಇದ್ದವು. ದೊಡ್ಡದರ ಹೆಸರು ಗಂಟೆ, ನಡುವಿನದು ನಿಮಿಷ, ಒಂದು ಕಡೆ ನಿಲ್ಲದೆ ಓಡಾಡುವ ಚಿಕ್ಕದು ಸೆಕೆಂಡು.

ಮೊದಲು ಸಾಕಿದ ಹುಳ ಸತ್ತಾಗ, ಸಾಕುಹಕ್ಕಿಗಳ ಆಹಾರಕ್ಕೆಂದು ಮಿಡತೆ ಮಾರುವ ಅಂಗಡಿಯವನು ಅವರಿಗೊಂದು ಮಾತು ಹೇಳಿದ್ದ. ಆರೋಗ್ಯವಾಗಿರುವ ಸೂರ್ಯನ ಕುದುರೆಗೆ ವಾಸನೆಯೇ ಇರುವುದಿಲ್ಲ. ಭರಣಿ ನಾತ ಹೊಡೆಯಿತೆಂದರೆ ತಳದಲ್ಲಿ ತಿನ್ನದೆ ಬಿಟ್ಟದ್ದು ಕೊಳೆಯುತ್ತಿರಬೇಕು, ಇಲ್ಲವೇ ಹುಳದ ಹೊಟ್ಟೆಯೇ ಕೊಳೆಯುತ್ತಿರಬೇಕು. ಮೊದಲ ದಿನವೇ ಗೊತ್ತಾದರೆ ಉಳಿಸಬಹುದು. ಅಂದಿನಿಂದ ದಿನಾ ಬೆಳಿಗ್ಗೆ "ಸ್ವಲ್ಪ ಮೂಗು ಕೊಡಮ್ಮ" ಎಂದು ಸೊಸೆಯನ್ನು ಕರೆಯುವುದು ರೂಢಿಯಾಯಿತು. ಹೋದ ವರ್ಷ ನಿಮಿಷದ ಭರಣಿಯಲ್ಲಿ ಹುಳಿ ವಾಸನೆ ಹಿಡಿದು ಅದನ್ನು ಉಳಿಸಿದವಳು ಅವಳೇ. ಆ ಮೂಗನ್ನು ಮಾವ ಮಾತ್ರವಲ್ಲ, ಇಡೀ ಹಾಲಿನ ಡೈರಿ ನಂಬಿತ್ತು.

ಡೈರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮ್ಯಾನೇಜರಿನಿಂದ ಹಿಡಿದು ಕ್ಯಾನು ಹೊರುವವರವರೆಗೆ ಎಲ್ಲರಿಗೂ ಅವಳು ಮೂಗಕ್ಕ. ಲಾರಿಗಳಿಂದ ಇಳಿದ ಕ್ಯಾನುಗಳು ಕಟ್ಟೆಯ ಮೇಲೆ ಸಾಲಾಗಿ ಬಂದು ನಿಲ್ಲುತ್ತವೆ. ಒಂದೊಂದರ ಮುಚ್ಚಳ ಎತ್ತಿ, ಮುಚ್ಚಳದ ಒಳಬದಿಯನ್ನು ಮೂಸಿ, ಹಾಲಿನ ಮೇಲೊಮ್ಮೆ ಬಗ್ಗಿ, ಸರಿಯಿದ್ದರೆ ಕೈ ಬೀಸಬೇಕು. ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ ಕ್ಯಾನಿನ ಹೊಟ್ಟೆಗೆ ಅಡ್ಡಗೆರೆ. ಹತ್ತೊಂಬತ್ತು ವರ್ಷದಲ್ಲಿ ಅವಳ ಗೆರೆ ತಪ್ಪಿದ್ದಿಲ್ಲ. ಹಸು ಏನು ಮೇಯಿತು, ಕ್ಯಾನನ್ನು ಯಾವ ಸೋಪಿನಲ್ಲಿ ತೊಳೆದರು, ಹಾಲು ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿತ್ತು ಎಲ್ಲ ಹೇಳುತ್ತಿದ್ದಳು. "ನಾನು ಬೆಳಿಗ್ಗೆ ಯಾರ ಜೊತೆ ಜಗಳ ಆಡ್ದೆ ಅಂತನೂ ಹಾಲಲ್ಲಿ ವಾಸನೆ ಬರುತ್ತಾ ಮೂಗಕ್ಕ?" ಎಂದು ಲಾರಿಯವರು ತಮಾಷೆ ಮಾಡುತ್ತಿದ್ದರು.

ಏಳು ವಾರದ ಹಿಂದೆ ಅವಳಿಗೆ ಜ್ವರ ಬಂತು. ಐದು ದಿನಕ್ಕೆ ಬಿಟ್ಟಿತು. ಆರನೆಯ ದಿನ ಸ್ನಾನಕ್ಕೆ ನಿಂತವಳು ಸೋಪು ಕೈಗೆ ತೆಗೆದುಕೊಂಡು ಹಾಗೇ ನಿಂತುಬಿಟ್ಟಳು. ಸೋಪಲ್ಲ, ಕಲ್ಲು. ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಜಜ್ಜಿದಳು, ಸೀಮೆಎಣ್ಣೆಯ ಡಬ್ಬಿ ಬಿಚ್ಚಿದಳು. ಏನೂ ಇಲ್ಲ. ನೆಗಡಿ ಕಟ್ಟಿರಬೇಕು, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡು ಯಾರಿಗೂ ಹೇಳದೆ ಕೆಲಸಕ್ಕೆ ಹೋದಳು. ಎರಡು ದಿನ ಎರಡು ವಾರವಾಯಿತು. ಆಮೇಲೆ ಹೇಳುವುದು ಹೇಗೆ? ನಿನ್ನೆ ಪಾಸು ಮಾಡಿದ ಹಾಲಿನ ಕತೆ ಏನು ಎಂದು ಕೇಳುವುದಿಲ್ಲವೆ? ರೈಲಿನಲ್ಲಿ ಗಾರ್ಡ್ ಆಗಿದ್ದ ಗಂಡ ವಾರಕ್ಕೆರಡು ದಿನ ಮನೆಗೆ ಬರುತ್ತಿದ್ದ, ಅವನಿಗೂ ಹೇಳಲಿಲ್ಲ.

ಒಂದು ಸುಳ್ಳಿಗೆ ಹತ್ತು ಸುಳ್ಳಿನ ಕಾವಲು. ಕ್ಯಾನಿನ ತಳ ಮುಟ್ಟಿ ನೋಡುತ್ತಿದ್ದಳು, ಬೆಚ್ಚಗಿದ್ದರೆ ಗೆರೆ. ತಂದವನ ಮುಖ ನೋಡುತ್ತಿದ್ದಳು, ಕಣ್ಣು ತಪ್ಪಿಸಿದರೆ ಗೆರೆ. ಒಂದಕ್ಕೂ ಗೆರೆ ಬೀಳದಿದ್ದರೆ ಅನುಮಾನ ಬರುತ್ತದೆಂದು ಮೂವತ್ತು ಕ್ಯಾನಿಗೊಂದರಂತೆ ಸುಮ್ಮನೆ ಎಳೆದುಬಿಡುತ್ತಿದ್ದಳು. ಯಾರದೋ ಒಳ್ಳೆಯ ಹಾಲು ಹಾಗೇ ವಾಪಸು ಹೋಗುತ್ತಿತ್ತು. ಒಬ್ಬ ಮುದುಕ ಕ್ಯಾನಿನ ಮುಚ್ಚಳವನ್ನು ತಾನೇ ಮೂಸಿ, ಅವಳ ಮುಖ ನೋಡಿ, "ನಿಮ್ಗೆ ಗೊತ್ತಾಗಿರುತ್ತೆ ಬಿಡಿ, ನಮ್ದೆಲ್ಲ ಹಳ್ಳಿ ಮೂಗು" ಎಂದು ಹೊರಟುಹೋಗಿದ್ದ. ಆ ದಿನ ಅವಳಿಗೆ ಊಟ ಸೇರಲಿಲ್ಲ. ಹೇಗೂ ರುಚಿ ಸತ್ತು ಹೋಗಿತ್ತು.

ಹತ್ತು ದಿನದ ಹಿಂದೆ ಆಗಬಾರದ್ದು ಆಯಿತು. ಒಂದು ಬಡಾವಣೆಯಿಂದ ಹಾಲಿನ ಪೊಟ್ಟಣಗಳು ವಾಪಸು ಬಂದವು, ಫಿನಾಯಿಲ್ ವಾಸನೆ ಎಂದು. ಆಸ್ಪತ್ರೆಯೊಂದರಿಂದಲೂ ಫೋನು ಬಂತು. ಯಾರಿಗೂ ಏನೂ ಆಗಿರಲಿಲ್ಲ, ಆದರೆ ಮೇಲಿನವರು ಬಂದು ಕೂತರು. ಮ್ಯಾನೇಜರ್ ಕಟ್ಟೆಯ ಮೇಲೆ ನಿಂತು ಎಲ್ಲರೆದುರು ಹೇಳಿದ: "ಇದು ಮೂಗಕ್ಕ ಮೂಸಿ ಬಿಟ್ಟ ಹಾಲು. ಅಂದ್ಮೇಲೆ ಬರೋವಾಗ ಚೆನ್ನಾಗೇ ಇತ್ತು. ವಾಸನೆ ಸೇರಿದ್ದು ಆಮೇಲೆ, ನಮ್ಮ ಟ್ಯಾಂಕಲ್ಲಿ." ಟ್ಯಾಂಕು ತೊಳೆಯುವವಳು ಬಿಸಿನೀರಮ್ಮ. ನೀರು ಕುದಿಯುತ್ತಿರಬೇಕು, ಕೈ ಸುಡಬೇಕು, ಇಲ್ಲದಿದ್ದರೆ ಬ್ರಶ್ಶು ಮುಟ್ಟುವುದಿಲ್ಲ ಎಂದು ಹಟ ಮಾಡುತ್ತಿದ್ದುದರಿಂದ ಆ ಹೆಸರು. ಇಪ್ಪತ್ತಾರು ವರ್ಷ ಆ ಟ್ಯಾಂಕಿನೊಳಗೆ ಇಳಿದು ಹತ್ತಿದ ಹೆಂಗಸನ್ನು ಅಂದು ಸಂಜೆ ಮನೆಗೆ ಕಳಿಸಿದರು. ಹೋಗುವಾಗ ಅವಳು ಮೂಗಕ್ಕನ ಹತ್ತಿರ ಬಂದು, "ನೀನಾದ್ರೂ ಹೇಳೆ. ನಾನು ತೊಳೆದ ಟ್ಯಾಂಕು ಯಾವತ್ತಾದ್ರೂ ನಾರಿದ್ದುಂಟಾ?" ಎಂದು ಕೇಳಿದಳು. ಮೂಗಕ್ಕ ನೆಲ ನೋಡಿದಳು.

ಈವತ್ತು ಭರಣಿಯ ಕಪ್ಪು ಚುಕ್ಕೆಯನ್ನು ನೋಡಿದಾಗಲೂ ಅವಳು ಹಾಗೇ ಬೇರೆ ಕಡೆ ನೋಡಿದ್ದಳು.

ಸಂಜೆ ಅವಳು ಮನೆಗೆ ಬರುವ ಹೊತ್ತಿಗೆ ನಾದಿನಿ ಬಂದಿದ್ದಳು. ನಾಲ್ಕು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳು ಹದಿನೈದು ದಿನಕ್ಕೊಮ್ಮೆ ಅಪ್ಪನನ್ನು ನೋಡಲು ಬರುವವಳು, ಬಂದರೆ ಬೀದಿಗೆಲ್ಲ ಗೊತ್ತಾಗುವಂಥ ಬಾಯಿ. ಚಪ್ಪಲಿ ಬಿಡುತ್ತಿದ್ದ ಮೂಗಕ್ಕನಿಗೆ ಒಳಗಿನಿಂದ ಆ ದನಿ ಕೇಳಿಸಿತು.

"ಅಯ್ಯೋ ಅಪ್ಪ, ಏನಿದು ನಾತ! ಈ ಕೋಣೇಲಿ ಹೇಗೆ ಕೂತಿದೀರ? ಇಲಿ ಸತ್ತಿದ್ಯಾ?"

ಮೂಗಕ್ಕ ಬಾಗಿಲಲ್ಲೇ ನಿಂತಳು. ನಾದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೋಣೆಯ ತುಂಬ ಸುತ್ತಿದಳು. ಮಂಚದ ಕೆಳಗೆ ಬಗ್ಗಿದಳು, ಕಪಾಟಿನ ಹಿಂದೆ ಇಣುಕಿದಳು. ಕೊನೆಗೆ ಕಿಟಕಿಯ ಹತ್ತಿರ ಬಂದು ಗಂಟೆಯ ಭರಣಿಯನ್ನು ಎತ್ತಿದವಳು ಕೈ ಉದ್ದಕ್ಕೆ ಚಾಚಿ ಹಿಡಿದಳು.

"ಇದೇ! ನಿಮ್ಮ ಕೈಮುಗಿಯೋ ಹುಳ! ಥೂ, ಕೊಳೆತ ಮೊಟ್ಟೆ ಹಾಗೆ. ಅತ್ತಿಗೆ, ಡೈರಿ ಮೂಗು ಇರೋ ಮನೇಲಿ ಇದೇನು ಗತಿ? ನಿಮಗೆ ಗೊತ್ತಾಗ್ಲಿಲ್ವಾ?"

ಮಾವ ಮಗಳ ಕೈಯಿಂದ ಭರಣಿಯನ್ನು ತೆಗೆದುಕೊಂಡರು. ಒಮ್ಮೆ ಹುಳವನ್ನು ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು. ಅವರು ಅಷ್ಟು ಹೊತ್ತು ತನ್ನ ಮುಖ ನೋಡಿದ್ದು ಅವಳಿಗೆ ನೆನಪಿರಲಿಲ್ಲ.

"ಬೆಳಿಗ್ಗೆ ಇರ್ಲಿಲ್ಲ," ಎಂದರು ಮಗಳಿಗೆ. "ಮಧ್ಯಾಹ್ನ ಶುರುವಾಗಿರ್ಬೇಕು. ಇವಳು ಕೆಲಸದಲ್ಲಿದ್ಲಲ್ಲ."

"ಮಧ್ಯಾಹ್ನ ಶುರುವಾದ ನಾತ ಅಲ್ಲಪ್ಪ ಇದು. ಗೋಡೆಗೆಲ್ಲ ಹತ್ತಿದೆ."

"ಬಾಯಿಗಿಂತ ಮೂಗಿಗೆ ಕೆಲಸ ಕೊಡು ಸ್ವಲ್ಪ. ಉಳಿದೆರಡು ನೋಡು."

ನಾದಿನಿ ಮೂಸಿದಳು. ನಿಮಿಷದ್ದು ಪರವಾಗಿಲ್ಲ, ಸೆಕೆಂಡಿನದರಲ್ಲಿ ಮಾತ್ರ ಒದ್ದೆಬಟ್ಟೆಯನ್ನು ಮೂರು ದಿನ ಬಕೆಟ್ಟಿನಲ್ಲಿ ಮರೆತ ಹಾಗೆ ಎಂದಳು. ಮಾವ ಮಿಡತೆ ಇಟ್ಟಿದ್ದ ಡಬ್ಬಿಯನ್ನು ತಂದು ಮುಂದೆ ಹಿಡಿದರು. ಮುಚ್ಚಳ ತೆಗೆದದ್ದೇ ತಡ ಅವಳು ಮುಖ ಕಿವಿಚಿಕೊಂಡಳು. ಡಬ್ಬಿಯ ತಳದಲ್ಲಿ ಒದ್ದೆ ಹೊಟ್ಟಿನ ನಡುವೆ ಹತ್ತಾರು ಮಿಡತೆ ಸತ್ತು ಅಂಟಿಕೊಂಡಿದ್ದವು, ಮೇಲೆ ಬದುಕಿದ್ದವು ಅವನ್ನೇ ತಿನ್ನುತ್ತಿದ್ದವು.

"ಮೂರಕ್ಕೂ ಇದರಿಂದ್ಲೇ ಹಾಕಿದೀನಿ," ಎಂದರು ಮಾವ. "ದಿನಾ ಹಾಕಿದೀನಿ."

ನಾದಿನಿ ಡಬ್ಬಿಯನ್ನು ಹಿತ್ತಿಲಿಗೆ ಒಯ್ದು ಸುರಿದಳು, ನೀರು ಕಾಯಿಸಿಟ್ಟಳು, ಇನ್ನೂ ಅರ್ಧ ಗಂಟೆ ಮಾತಾಡಿ ಹೊರಟಳು. ಅಷ್ಟು ಹೊತ್ತೂ ಮೂಗಕ್ಕ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಬಾಮ್ಮ ಇಲ್ಲಿ," ಎಂದು ಮಾವ ಕರೆದರು.

ಅವರು ತಮ್ಮ ಹಳೆಯ ಗಡಿಯಾರದ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಹೆಬ್ಬೆರಳಷ್ಟು ಎತ್ತರದ ಎರಡು ಗಾಜಿನ ಸೀಸೆ.

"ಚಿಮಟ ತೊಳೀಬೇಕು. ಇದರಲ್ಲಿ ಒಂದು ಪೆಟ್ರೋಲು, ಒಂದು ನೀರು. ಚೀಟಿ ಉದುರಿಹೋಗಿದೆ. ಯಾವುದು ಯಾವುದು ಅಂತ ನೋಡಿ ಹೇಳು."

ಅವಳು ಒಂದರ ಬಿರಡೆ ತೆಗೆದು ಮೂಗಿನ ಕೆಳಗೆ ಹಿಡಿದಳು. ಇನ್ನೊಂದನ್ನೂ ಹಿಡಿದಳು. ಬೆರಳಿಗೊಂದು ಹನಿ ಹಾಕಿಕೊಂಡರೆ ಗೊತ್ತಾಗುತ್ತದೆ, ಪೆಟ್ರೋಲು ತಣ್ಣಗೆ ಹಾರಿಹೋಗುತ್ತದೆ. ಆದರೆ ಮಾವ ಅವಳ ಬೆರಳನ್ನೇ ನೋಡುತ್ತಿದ್ದರು. ಸೀಸೆಯನ್ನು ಸ್ವಲ್ಪ ಓರೆ ಮಾಡಿದಳು. ಎಡಗಡೆಯದು ಗಾಜಿಗೆ ಕೊಂಚ ತೆಳುವಾಗಿ ಹರಿದಂತೆ ಕಂಡಿತು.

"ಇದು ಪೆಟ್ರೋಲು," ಎಂದಳು ಎಡಗಡೆಯದನ್ನು ಮುಂದಿಟ್ಟು.

ಮಾವ ಆ ಸೀಸೆಯನ್ನು ತೆಗೆದುಕೊಂಡು ತಮ್ಮ ಲೋಟಕ್ಕೆ ಸುರಿದರು. ಇನ್ನೊಂದನ್ನೂ ಸುರಿದರು. ಎತ್ತಿ ಕುಡಿದರು.

"ಎರಡೂ ನೀರೇ ಕಣಮ್ಮ."

ಗೋಡೆಯ ಮೇಲೆ ಅವರು ಕೀಲಿ ಕೊಟ್ಟಿಟ್ಟಿದ್ದ ನಾಲ್ಕೈದು ಗಡಿಯಾರಗಳು ಒಂದಕ್ಕೊಂದು ಹೊಂದದೆ ಟಿಕ್‌ಟಿಕ್ ಎನ್ನುತ್ತಿದ್ದವು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಎಷ್ಟು ದಿನ ಆಯ್ತು?"

"ಜ್ವರ ಬಂದಾಗಿಂದ ಮಾವ."

"ಅವನಿಗೆ ಗೊತ್ತಾ?"

"ಇಲ್ಲ."

"ಡಾಕ್ಟ್ರಿಗೆ?"

ಅವಳು ತಲೆಯಲ್ಲಾಡಿಸಿದಳು. ಮಾವ ಖಾಲಿ ಸೀಸೆಗಳಿಗೆ ಬಿರಡೆ ಹಾಕಿದರು. ಅವರು ಮತ್ತೆ ಮಾತಾಡಿದಾಗ ದನಿಯಲ್ಲಿ ಅವಳು ಹೆದರಿದ್ದ ಸಿಟ್ಟು ಇರಲಿಲ್ಲ. ಅದಕ್ಕಿಂತ ಕಷ್ಟವಾದದ್ದೇನೋ ಇತ್ತು.

"ಹುಳ ಸತ್ರೆ ಸಾಯ್ಲಿ. ನನ್ನ ಹುಚ್ಚು ಅದು. ಅಲ್ಲಿ ಏನು ಮಾಡ್ತಿದೀಯ? ದಿನಕ್ಕೆ ಎಷ್ಟು ಕ್ಯಾನು ಹಾಲು ನಿನ್ನ ಕೈ ಕೆಳಗೆ ಹೋಗುತ್ತೆ?"

ಆಗ ಅವಳು ಎಲ್ಲ ಹೇಳಿದಳು. ಬೆಚ್ಚಗಿನ ಕ್ಯಾನು, ಸುಮ್ಮನೆ ಎಳೆದ ಗೆರೆ, ಹಳ್ಳಿ ಮೂಗಿನ ಮುದುಕ, ವಾಪಸು ಬಂದ ಪೊಟ್ಟಣ, ಬಿಸಿನೀರಮ್ಮ.

"ನಿಮ್ಮತ್ತೆ ಕೈ ನೋಡಿದ್ದೆ ತಾನೆ ನೀನು?" ಎಂದರು ಮಾವ.

ನೋಡಿದ್ದಳು. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಎರಡೂ ಅಂಗೈ ಸುಟ್ಟು ಸುಕ್ಕುಗಟ್ಟಿ, ಬೆರಳು ಪೂರ್ತಿ ಬಿಚ್ಚಲಾಗದಂತಿದ್ದ ಕೈಗಳು. ಅವಳು ಮದುವೆಯಾಗಿ ಬರುವ ಮೊದಲೇ ಸ್ಟೌ ಸಿಡಿದು ಆದದ್ದೆಂದು ಎಲ್ಲರೂ ಹೇಳುತ್ತಿದ್ದರು.

"ಸ್ಟೌ ಅಲ್ಲ. ಮೂಗು ಹೋದಾಗ ನಾನೂ ಯಾರಿಗೂ ಹೇಳಿರ್ಲಿಲ್ಲ. ಗಡಿಯಾರದವನಿಗೆ ಮೂಗು ಯಾಕೆ ಅಂದ್ಕೊಂಡಿದ್ದೆ. ಅಂಗಡೀಲಿ ಪೆಟ್ರೋಲ್ ಬಟ್ಟಲು ಯಾವಾಗಲೋ ಮಗುಚಿ ಮೇಜಿನ ಕೆಳಗೆ ಹರಿದಿತ್ತು. ಗೊತ್ತಾಗ್ಲಿಲ್ಲ. ಗಿರಾಕಿ ಒಬ್ಬ ಕಡ್ಡಿ ಗೀರಿ ಬಿಸಾಕಿದ. ಅವಳು ಊಟ ತಂದವಳು ಅಲ್ಲೇ ನಿಂತಿದ್ಲು. ನನ್ನ ಪಂಚೆಗೆ ಹತ್ತಿದ್ದನ್ನ ಕೈಯಲ್ಲೇ ಬಡಿದು ಬಡಿದು ಆರಿಸಿದ್ಲು." ಅವರು ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದರು. "ಸ್ಟೌ ಅಂತ ಹೇಳೋಣ ಅಂದವಳೂ ಅವಳೇ. ನಾನು ಹೂಂ ಅಂದೆ."

"ನಾಳೆ ಹೇಳ್ತೀನಿ ಮಾವ."

"ನನಗೆ ಹೇಳ್ಬೇಡ," ಎಂದು ಅವರು ಎದ್ದು, ಬಿಸಿನೀರು ತರಲು ಹೋದರು.

ಬೆಳಿಗ್ಗೆ ಅವಳು ಹೋದಾಗ ಮ್ಯಾನೇಜರ್ ಫೋನಿನಲ್ಲಿದ್ದ. ಗಾಜಿನ ಬಾಗಿಲಾಚೆ ನಿಂತು ಕಾದಳು. ಅವನು ಬೆರಳೆತ್ತಿ ಐದು ನಿಮಿಷ ಎಂದು ಸನ್ನೆ ಮಾಡಿದ. ಅಷ್ಟರಲ್ಲಿ ಲಾರಿ ಬಂತು. ಕಟ್ಟೆಯ ಮೇಲೆ ಕ್ಯಾನುಗಳು ಢಣಢಣ ಇಳಿಯತೊಡಗಿದವು. "ಮೂಗಕ್ಕ!" ಎಂದು ಯಾರೋ ಕೂಗಿದರು. ಇದೊಂದು ಲಾರಿ ಮುಗಿಸಿ ಹೇಳುತ್ತೇನೆ ಎಂದುಕೊಂಡಳು. ಕಾಲುಗಳು ತಾವಾಗಿಯೇ ಹೋದವು.

ಮುಚ್ಚಳ ಎತ್ತುವುದು, ಬಗ್ಗುವುದು, ಕೈ ಬೀಸುವುದು. ತಳ ಮುಟ್ಟಿದಳು, ಎಲ್ಲ ತಣ್ಣಗಿದ್ದವು. ಹಾಲು ಜಾಲರಿಯ ಮೂಲಕ ತೊಟ್ಟಿಗೆ ಬಿದ್ದು, ಅಲ್ಲಿಂದ ಕೊಳವೆಯಲ್ಲಿ ಟ್ಯಾಂಕಿಗೆ ಹೋಗುತ್ತಿತ್ತು. ಹದಿನೆಂಟು ಕ್ಯಾನು ಸುರಿದಾಗಿತ್ತು. ಸ್ಯಾಂಪಲ್ ಬಾಟಲಿಗಳ ತಟ್ಟೆ ಹಿಡಿದು ಬರುತ್ತಿದ್ದ ಲ್ಯಾಬಿನ ಕೆಮಿಸ್ಟ್, ಎರಡು ತಿಂಗಳ ಹಿಂದೆ ಸೇರಿದ ಕನ್ನಡಕದ ಹೆಂಗಸು, ಹತ್ತೊಂಬತ್ತನೆಯದರ ಹತ್ತಿರ ನಿಂತುಬಿಟ್ಟಳು.

"ಅಕ್ಕ, ಇದನ್ನ ಬಿಟ್ರಾ?"

"ಹೂಂ. ಯಾಕೆ?"

ಕೆಮಿಸ್ಟ್ ತಟ್ಟೆ ಕೆಳಗಿಟ್ಟು ಮುಚ್ಚಳ ಮೂಸಿದಳು. ಹಿಂದಿನ ಖಾಲಿ ಕ್ಯಾನಿಗೆ ಬಗ್ಗಿದಳು, ಅದರ ಹಿಂದಿನದಕ್ಕೂ ಬಗ್ಗಿದಳು. "ಫಿನಾಯಿಲ್," ಎಂದಳು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ: "ನಿಲ್ಸಿ! ಸುರೀಬೇಡಿ!"

ಲಾರಿಯವನು ಜಿಗಿದು ಬಂದ. "ಏನ್ರೀ ನಿಲ್ಸೋದು? ಮೂಗಕ್ಕ ಆಗ್ಲೇ ಮೂಸಿ ಬಿಟ್ಟಿದಾರೆ. ನಿನ್ನೆ ಮೊನ್ನೆ ಬಂದವರು ನೀವು. ಅವರ ಮೂಗಿನ ಮುಂದೆ ನಿಮ್ಮ ಪುಸ್ತಕದ ಮೂಗಾ?"

ಗದ್ದಲಕ್ಕೆ ಮ್ಯಾನೇಜರ್ ಹೊರಗೆ ಬಂದ. ಕ್ಯಾನು ಹೊರುವವರು ಕೆಲಸ ಬಿಟ್ಟು ಸುತ್ತ ನಿಂತರು. ಬಿಸಿನೀರಮ್ಮನ ಜಾಗಕ್ಕೆ ಹೊಸದಾಗಿ ಬಂದಿದ್ದ ಹೆಂಗಸು ಟ್ಯಾಂಕಿನ ಏಣಿಯ ಹತ್ತಿರ ಬ್ರಶ್ಶು ಹಿಡಿದು ನಿಂತಿದ್ದಳು.

"ಮೂಗಕ್ಕ, ನೀವೇ ಹೇಳಿ," ಎಂದ ಮ್ಯಾನೇಜರ್. "ಇದೆಯಾ, ಇಲ್ವಾ? ನಿಮ್ಮ ಮಾತೇ ಕೊನೆ."

ಅವಳು ಮುಚ್ಚಳವನ್ನು ಮುಖಕ್ಕೆ ಹಿಡಿದಳು. ಹಾಲಿನ ನೊರೆ ಅಂಚಿನಲ್ಲಿ ಗುಳ್ಳೆಗುಳ್ಳೆಯಾಗಿ ಒಡೆಯುತ್ತಿತ್ತು. ಏನೂ ಇಲ್ಲ. ಆದರೆ ಉತ್ತರ ಅವಳ ಕೈಯಲ್ಲೇ ಇತ್ತು. ಕೆಮಿಸ್ಟ್ ಹೇಳಿಬಿಟ್ಟಿದ್ದಾಳೆ. "ಇದೆ ಸರ್, ಸ್ವಲ್ಪ ಇದೆ, ಮೊದಲಿನವುಗಳಲ್ಲಿ ತೀರ ಕಮ್ಮಿ ಇತ್ತು, ಎಲ್ಲ ಚೆಲ್ಲಿಸಿ" ಎಂದರೆ ಮುಗಿಯಿತು. ಕೆಟ್ಟ ಹಾಲು ಹೊರಗೆ ಹೋಗುವುದಿಲ್ಲ, ಅವಳ ಹೆಸರೂ ಹೋಗುವುದಿಲ್ಲ. ಮಾತು ತುಟಿಯವರೆಗೆ ಬಂದಿತ್ತು.

"ವಾಸನೆ ಟ್ಯಾಂಕಿಂದ್ಲೇ ಬರ್ತಿರ್ಬಹುದು," ಎಂದು ಮ್ಯಾನೇಜರ್ ತನ್ನಷ್ಟಕ್ಕೆ ಗೊಣಗಿದ. "ಆ ಮುದುಕಿನ ಕಳಿಸಿದ್ರೂ ತೊಳೆಯೋದು ಸುಧಾರಿಸ್ಲಿಲ್ಲ. ಇವಳನ್ನೂ ಕಳಿಸ್ಬೇಕಾಗುತ್ತೆ."

ಏಣಿಯ ಹತ್ತಿರ ನಿಂತವಳು ಬ್ರಶ್ಶನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ನಂಗೆ ಗೊತ್ತಾಗ್ತಿಲ್ಲ ಸರ್," ಎಂದಳು ಮೂಗಕ್ಕ.

"ಅಂದ್ರೆ? ಅಷ್ಟು ಕಮ್ಮಿ ಇದೆಯಾ?"

"ಕಮ್ಮಿ ಜಾಸ್ತಿ ಅಲ್ಲ ಸರ್. ನಂಗೆ ವಾಸನೆನೇ ಬರಲ್ಲ. ಜ್ವರ ಬಂದಾಗಿಂದ. ಏಳು ವಾರ ಆಯ್ತು."

ಯಾರೋ ನಕ್ಕರು, ತಮಾಷೆ ಎಂದುಕೊಂಡು. ನಗು ಅರ್ಧಕ್ಕೇ ನಿಂತಿತು.

"ಏಳು ವಾರ," ಎಂದ ಮ್ಯಾನೇಜರ್.

"ಆವತ್ತು ವಾಪಸು ಬಂದ ಹಾಲೂ ನಾನು ಮೂಸದೆ ಬಿಟ್ಟಿದ್ದೇ. ಬಹುಶಃ ಇದೇ ಲಾರೀದು. ಬಿಸಿನೀರಮ್ಮಂದು ತಪ್ಪಿಲ್ಲ. ಟ್ಯಾಂಕು ಸರಿಯಾಗೇ ಇತ್ತು."

ಲಾರಿಯವನ ಮುಖ ಬಿಳಿಚಿಕೊಂಡಿತ್ತು. ಕ್ಯಾನುಗಳನ್ನು ಒಣಗಿಸದೆ ಫಿನಾಯಿಲ್ ನೀರಿನಲ್ಲೇ ಜಾಲಿಸಿ ತಂದದ್ದನ್ನು ಅವನು ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಷ್ಟರಲ್ಲಿ ಟ್ಯಾಂಕಿನ ತಳದ ಕೊಳಾಯಿ ತಿರುಗಿಸಿದ್ದರು. ಹಾಲು ಚರಂಡಿಯಲ್ಲಿ ದಪ್ಪ ಹಗ್ಗದ ಹಾಗೆ ಹರಿಯತೊಡಗಿತು. ಅದನ್ನು ನೋಡುತ್ತ ನಿಂತ ಮ್ಯಾನೇಜರ್ ಅವಳ ಕಡೆ ತಿರುಗದೆಯೇ ಹೇಳಿದ:

"ಕಟ್ಟೆಯಿಂದ ಇಳೀರಿ. ಆ ಸೀಮೆಸುಣ್ಣ ಅಲ್ಲಿಡಿ. ಇಷ್ಟು ವರ್ಷ ನಿಮ್ಮನ್ನ ನಂಬಿ ನಾನೊಂದು ಸಲನೂ ಮೂಸಿ ನೋಡಿಲ್ಲ."

ಅವಳು ಮನೆಗೆ ಹೋಗಲಿಲ್ಲ. ಡೈರಿಯ ಹಿಂದಿನ ಗೋಡೆ ಬಳಸಿ, ಸಾಲುಮನೆಗಳ ಓಣಿಗೆ ಹೋಗಿ, ಕೊನೆಯ ಬಾಗಿಲ ಮುಂದೆ ನಿಂತಳು. ಬಿಸಿನೀರಮ್ಮ ಹೊಸ್ತಿಲಲ್ಲೇ ಕೂತು ಕಾಳು ಆರಿಸುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ. ಮೂಗಕ್ಕ ನಿಂತೇ ಹೇಳಿದಳು. ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಆ ಹೆಂಗಸಿನ ಬೆರಳುಗಳು ನಿಲ್ಲಲಿಲ್ಲ.

"ನಾನು ಕೇಳ್ದಾಗ ನೆಲ ನೋಡ್ದೆಯಲ್ಲೇ ನೀನು."

"ಹೌದು."

"ಮೂಗಿಗಿಂತ ಮೂಗುತಿ ಭಾರ ಆಯ್ತು ನಿಂಗೆ. ಹೆಸರು, ಹೆಸರು." ಮೊರವನ್ನು ಪಕ್ಕಕ್ಕಿಟ್ಟಳು. "ನಾನೇ ತಪ್ಪು ಮಾಡಿದೀನಿ ಅಂತ ನಂಬಿಬಿಟ್ಟಿದ್ದೆ ಕಣೆ. ಮೂಗಕ್ಕನೇ ಏನೂ ಅನ್ಲಿಲ್ಲ ಅಂದ್ರೆ ನಂದೇ ತಪ್ಪಿರ್ಬೇಕು ಅಂತ. ಹತ್ತು ದಿನದಿಂದ ಕಣ್ಮುಚ್ಚಿದ್ರೆ ಆ ಟ್ಯಾಂಕಿನೊಳಗೇ ಇದೀನಿ. ಯಾವ ಮೂಲೆ ಬಿಟ್ಟೆ, ಎಲ್ಲಿ ನೀರು ಕಮ್ಮಿ ಹಾಕ್ದೆ ಅಂತ ತೊಳೀತಾನೇ ಇದೀನಿ. ಕೈ ಅಲ್ಲಾಡಿಸ್ತೀನಂತೆ ನಿದ್ದೇಲಿ, ಮಗಳು ಹೇಳ್ತಾಳೆ."

ಮೂಗಕ್ಕನಿಗೆ ತಪ್ಪಾಯಿತು ಎನ್ನಬೇಕೆನಿಸಿತು. ಆ ಮಾತು ಬಾಯಿಗೆ ಬಂದಾಗ ಅದು ತೀರ ಚಿಕ್ಕದಾಗಿ ಕಂಡಿತು. ಆದರೂ ಹೇಳಿದಳು.

ಬಿಸಿನೀರಮ್ಮ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಳ್ಳುವಷ್ಟರಲ್ಲಿ, ಕೆಲಸಕ್ಕೆ ಹೋಗುವಾಗ ಉಡುತ್ತಿದ್ದ ನೀಲಿ ಸೀರೆ ಉಟ್ಟು, ತಲೆಗೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು ಹೊರಬಂದಳು.

"ನಡಿ. ಆ ಮ್ಯಾನೇಜರ್ ಮುಂದೆ ಇನ್ನೊಂದ್ಸಲ ಹೇಳು. ನಾನಿರ್ಬೇಕು ಎದುರಿಗೆ. ಎಲ್ಲರೂ ಇರ್ಬೇಕು."

ಓಣಿಯುದ್ದಕ್ಕೂ ಅವಳು ನಾಲ್ಕು ಹೆಜ್ಜೆ ಮುಂದೆ ನಡೆದಳು. ಒಮ್ಮೆಯೂ ಹಿಂದೆ ನೋಡಲಿಲ್ಲ. ಮೂಗಕ್ಕ ಕಟ್ಟೆಯ ಕೆಳಗೆ ನಿಂತು, ಎಲ್ಲರೆದುರು, ಮೊದಲಿನಷ್ಟೇ ಮಾತುಗಳಲ್ಲಿ ಮತ್ತೆ ಹೇಳಿದಳು. 'ನಾಳೆಯಿಂದ ಬಾಮ್ಮ' ಎಂದ ಮ್ಯಾನೇಜರಿಗೆ ಬಿಸಿನೀರಮ್ಮ, "ನಾಳೆ ಯಾಕೆ? ಟ್ಯಾಂಕು ಈಗ ನಾರ್ತಿದೆ. ನೀರು ಕಾಯಿಸೋಕೆ ಹೇಳಿ" ಎಂದು ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಮೂಗಕ್ಕನ ವಿಷಯವನ್ನು ವಿಚಾರಣೆಯಾದ ಮೇಲೆ ತೀರ್ಮಾನಿಸುವುದಾಗಿ ಹೇಳಿದರು. ಬೇರೆ ಕೆಲಸ ಸಿಕ್ಕರೂ ಸಿಗಬಹುದು, ಸಿಗದಿದ್ದರೂ ಇಲ್ಲ. ಮೂಗಿನ ಡಾಕ್ಟರನ್ನು ಕಾಣಲು ಕೆಮಿಸ್ಟ್ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು.

ಮನೆಗೆ ಬಂದಾಗ ಹೊತ್ತು ಮಧ್ಯಾಹ್ನ ದಾಟಿತ್ತು. ಕೋಣೆಯ ನೆಲವೆಲ್ಲ ಒದ್ದೆ. ತೊಳೆದ ಕಡ್ಡಿಗಳು, ಬಟ್ಟೆಯ ತುಂಡುಗಳು ಕಿಟಕಿಯಲ್ಲಿ ಒಣಗುತ್ತಿದ್ದವು. ನಿಮಿಷವನ್ನೂ ಸೆಕೆಂಡನ್ನೂ ಹೊಸ ಡಬ್ಬಿಗಳಲ್ಲಿ ಬೇರೆಬೇರೆ ಮೂಲೆಯಲ್ಲಿ ಇಟ್ಟಾಗಿತ್ತು. ಮಾವ ಮೇಜಿನ ಮುಂದೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಅವರ ಎಡಗೈಯ ತೋರುಬೆರಳಿನ ಮೇಲೆ ಗಂಟೆ ಕೂತಿತ್ತು. ಕಾಲುಗಳು ಸಡಿಲಾಗಿದ್ದವು, ಹೊಟ್ಟೆ ಒಂದು ಕಡೆಗೆ ವಾಲಿತ್ತು.

ಈ ಹೊತ್ತಿಗೆ ಯಾಕೆ ಬಂದೆ ಎಂದು ಅವರು ಕೇಳಲಿಲ್ಲ. ಕಾಲಿನಿಂದ ಪಕ್ಕದ ಸ್ಟೂಲನ್ನು ಅವಳ ಕಡೆ ಸರಿಸಿದರು.

"ಬೆಳಿಗ್ಗೆಯಿಂದ ಇದನ್ನೂ ಮುಟ್ಟಿಲ್ಲ. ಜೇನು ಕಲಸಿದ ನೀರು. ನೀನು ಹಿಡಿ."

ಅವಳು ಕೂತು ಸಣ್ಣ ಬಣ್ಣದ ಕುಂಚವನ್ನು ಅವರ ಕೈಯಿಂದ ತೆಗೆದುಕೊಂಡಳು. ತುದಿಯಲ್ಲಿ ಒಂದು ಹನಿ ನಿಂತಿತ್ತು. ಅದನ್ನು ಹುಳದ ಬಾಯಿಯ ಹತ್ತಿರ ಹಿಡಿದಳು. ಹುಳ ಅಲ್ಲಾಡಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿದರು. ಬಹಳ ಹೊತ್ತಿನ ಮೇಲೆ ಅದರ ದವಡೆಯ ಪಕ್ಕದ ಕೂದಲೆಳೆಯಂಥ ಮೀಸೆ ಒಮ್ಮೆ ಅದುರಿತು, ಹನಿಯನ್ನು ಮುಟ್ಟಿತು, ಹಿಂದೆ ಸರಿಯಿತು, ಮತ್ತೆ ಮುಟ್ಟಿತು.

ಕುಂಚದ ತುದಿಯಲ್ಲಿ ಹನಿ, ಕಂಡೂ ಕಾಣದ ಹಾಗೆ, ಸಣ್ಣದಾಗತೊಡಗಿತು.